ಓರೆ ಒರೆ

ಒಂದಾನೊಂದು ಕಾಲದಲ್ಲಿ, ಮೋಡಗಳು ಬೆಟ್ಟಕ್ಕಿಳಿದು ಕುರಿಗಳ ಜೊತೆ ಹುಲ್ಲು ಮೇಯುತ್ತಿದ್ದ ಕಾಲದಲ್ಲಿ, ಏಳುಕಣಿವೆ ಎಂಬ ರಾಜ್ಯವಿತ್ತು. ಮೋಡ ಎಲ್ಲಾದರೂ ಹುಲ್ಲು ಮೇಯುತ್ತದೆಯೇ ಎಂದು ಕೇಳಬೇಡಿ. ಆಗ ಮೇಯುತ್ತಿತ್ತು, ಅಷ್ಟೇ. ಆ ರಾಜ್ಯದ ರಾಜಕುಮಾರನ ಹೆಸರು ಮಕರಂದ. ನೋಡಲು ಚೆಲುವ, ಮಾತಿನಲ್ಲಿ ಮೃದು, ಗುಣದಲ್ಲಿ ಚಿನ್ನ. ಆದರೆ ಅವನಿಗೊಂದು ಹುಚ್ಚಿತ್ತು. ಬಾಕಿನ ಹುಚ್ಚು.

ಸೊಂಟಕ್ಕೆ ಸಿಕ್ಕಿಸುವಂಥ, ಎರಡೂ ಕಡೆ ಅಲಗಿರುವ ಒಂದು ಒಳ್ಳೆಯ ಬಾಕು ಎಲ್ಲೋ ಇದೆಯೆಂದು ಕಿವಿಗೆ ಬಿದ್ದರೆ ಸಾಕು, ಅದು ಮಕರಂದನ ಗೋಡೆಗೆ ಬರಲೇಬೇಕು. ಅವನ ಕೋಣೆಯ ಗೋಡೆಯ ತುಂಬ ಬಾಕುಗಳೇ. ದಂತದ ಹಿಡಿಯವು, ನವಿಲಿನ ಕತ್ತಿನ ಹಾಗೆ ಬಾಗಿದವು, ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಮೂಡಿದವು, ಮದುಮಕ್ಕಳ ಸೊಂಟಕ್ಕೆಂದೇ ಕೆಂಪು ಕಲ್ಲು ಕೂರಿಸಿದವು. ಬೆಳಗಿನ ಬಿಸಿಲು ಕಿಟಕಿಯಿಂದ ಒಳಗೆ ಬಂದರೆ ಗೋಡೆಯೆಲ್ಲ ಒಮ್ಮೆಗೇ ಕಣ್ಣು ಬಿಡುತ್ತಿತ್ತು. ಮಕರಂದ ಹಾಸಿಗೆಯಲ್ಲೇ ಎದ್ದು ಕೂತು "ಅಬ್ಬಾ!" ಎನ್ನುತ್ತಿದ್ದ. ದಿನವೂ ಅದೇ ಗೋಡೆ, ದಿನವೂ ಅದೇ "ಅಬ್ಬಾ!"

ಹಾಗೆಂದು ಅವನು ಯಾರನ್ನೂ ಇರಿದವನಲ್ಲ. ಒಂದು ನಿಂಬೆಹಣ್ಣು ಕೊಯ್ದವನೂ ಅಲ್ಲ.

"ಏನೋ ಮಗನೇ, ನಿನಗೆ ಹೆಣ್ಣು ನೋಡೋಕೆ ಅಂತ ಹೋದರೆ ನೀನು ಹುಡುಗಿಯ ಅಪ್ಪನ ಸೊಂಟದ ಬಾಕು ನೋಡಿಕೊಂಡು ಬರ್ತೀಯಲ್ಲೋ!" ಎಂದು ಮಹಾರಾಜ ಹಣೆ ಚಚ್ಚಿಕೊಳ್ಳುತ್ತಿದ್ದ.

"ಅಪ್ಪಾ, ನೀವು ಒಂದು ಸಲ ಹಿಡಿದು ನೋಡಿ. ಯಾರೋ ಎಲ್ಲೋ ಕುಲುಮೆ ಮುಂದೆ ಬೆವರು ಸುರಿಸಿ ಮಾಡಿದ್ದು, ಯಾರ ಯಾರ ಕೈಯನ್ನೋ ದಾಟಿಕೊಂಡು ಬಂದು ನನ್ನ ಅಂಗೈಯಲ್ಲಿ ಕೂತು 'ಬಂದೆ ಕಣೋ' ಅನ್ನುತ್ತೆ. ಹಾಗಂದಾಗ ಬೇಡ ಹೋಗು ಅನ್ನೋಕೆ ಮನಸ್ಸು ಬರುತ್ತಾ?"

ಬಾಕಿನ ಹುಚ್ಚು ಹಿಡಿದವರಿಗೆಲ್ಲ ಒಂದು ಚಾಳಿ ಇರುತ್ತದೆ. ಒಂದು ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ, ಆಮೇಲೆ ಇನ್ನೊಂದು ಕೈಗೆ ಬದಲಿಸಿ ತೂಗಿ ನೋಡುತ್ತಾರೆ. ನೋಡದೆ ಇರಲಾರರು. ಮಕರಂದನೂ ಹಾಗೆಯೇ. ಆದರೆ ಅವನನ್ನು ಎತ್ತಿ ಆಡಿಸಿದ ದಾದಿ ಹೊನ್ನಾಜಿ ಅವನಿಗೊಂದು ಪಾಠ ಕಲಿಸಿದ್ದಳು. ಏಳುಕಣಿವೆಯಲ್ಲಿ ಯಾರೂ ಬಾಕನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಡುವವರು ಕೆಳಗಿಡಬೇಕು, ತಗೊಳ್ಳುವವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಬಾಕಿನ ಜೊತೆ ಜಗಳವೂ ದಾಟಿ ಹೋಗುತ್ತದೆ. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಹೊನ್ನಾಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. "ಎಡಗೈಯೂ ಕೈಯೇ, ಬಲಗೈಯೂ ಕೈಯೇ. ನಿನ್ನ ಕೈಯಿಂದ ನಿನ್ನ ಕೈಗೇ ಆದರೂ ನಡುವೆ ಕೆಳಗಿಡು ಮಗಾ" ಎನ್ನುತ್ತಿದ್ದಳು. ಮಕರಂದ ಎಡಗೈಯಲ್ಲಿ ತೂಗಿ, ರೇಷ್ಮೆ ಬಟ್ಟೆಯ ಮೇಲಿಟ್ಟು, ಆಮೇಲೆ ಬಲಗೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಜನ ನೋಡಿ ನಗುತ್ತಿದ್ದರು. ನಗುವವರ ಹಲ್ಲಿಗೆ ಸುಂಕವೇ?

ಮಕರಂದನಿಗೆ ಒಬ್ಬಳು ತಂಗಿ, ಚಂಪಕೆ. ಅವಳ ಮಾತು ಚುರುಕು, ನಡಿಗೆ ಚುರುಕು, ನಕ್ಕರೆ ಮುಂದಿನ ಒಂದು ಹಲ್ಲು ಓರೆ. ಚಿಕ್ಕವಳಿದ್ದಾಗ ತನ್ನ ಕೆಂಪು ಲಂಗದ ಅಂಚು ಹರಿದು, ಅಣ್ಣನ ಬಾಕಿಗೆಂದು ಒಂದು ಒರೆ ಹೊಲಿದಿದ್ದಳು. ಆ ಒರೆ ಒಂದು ಕಡೆ ಹೀಗೆ ಹೋಗಿ ಇನ್ನೊಂದು ಕಡೆ ಹಾಗೆ ತಿರುಗಿತ್ತು. ಅವನ ಯಾವ ಬಾಕೂ ಅದರೊಳಗೆ ಹೋಗಲಿಲ್ಲ.

"ಒರೆ ಮಾಡೇ ಅಂದರೆ ಓರೆ ಮಾಡಿದ್ದೀಯಲ್ಲೇ!" ಎಂದು ಮಕರಂದ ಬಿದ್ದು ಬಿದ್ದು ನಕ್ಕಿದ್ದ.

"ಒರೆ ಸರಿಯಾಗೇ ಇದೆ. ನಿನ್ನ ಬಾಕುಗಳೇ ಸೊಟ್ಟ!" ಎಂದು ಅವಳು ಮೂಗು ಮುರಿದಿದ್ದಳು. ಆ ಒರೆ ಬಾಗಿಲ ಹಿಂದಿನ ಮೊಳೆಯಲ್ಲಿ ಧೂಳು ತಿನ್ನುತ್ತಿತ್ತು.

ಹೀಗಿರಲು ಒಂದು ಮಧ್ಯಾಹ್ನ ಒಬ್ಬ ವ್ಯಾಪಾರಿ ಬಂದ. ಹುಬ್ಬು ಮುಚ್ಚುವಷ್ಟು ಕೆಳಗೆ ಎಳೆದ ಮುಂಡಾಸು, ಹೆಗಲಲ್ಲಿ ಚರ್ಮದ ಚೀಲ. ಚೀಲಕ್ಕೆ ಕೈ ಹಾಕಿ ಒಂದು ಬಾಕು ತೆಗೆದ. ಅದರ ಹಿಡಿಯಲ್ಲಿ ಕೆತ್ತಿದ ನವಿಲು ನಿಜವಾಗಿ ಗರಿ ಬಿಚ್ಚಿ, ಒಂದು ಸುತ್ತು ಕುಣಿದು, ಮತ್ತೆ ಹಿಡಿಯಾಗಿ ಕೂತಿತು.

ಮಕರಂದನ ಬಾಯಿ ಒಣಗಿತು. "ಇನ್ನೊಂದು! ಇದೊಂದೇ ಒಂದು, ಆಮೇಲೆ ಸಾಕು!"

"ತಗೊಳ್ಳಿ ದೊರೆ" ಎಂದು ವ್ಯಾಪಾರಿ ಕೈ ಚಾಚಿದ. ಮಕರಂದ ಹಿಂದೆ ಮುಂದೆ ನೋಡದೆ ಕೈಯಿಂದ ಕೈಗೇ ತಗೊಂಡುಬಿಟ್ಟ. ಆಸೆಯ ಕಣ್ಣಿಗೆ ನೆಲವೇ ಕಾಣಲಿಲ್ಲ ನೋಡಿ.

"ಅಣ್ಣಾ! ಕೈಗೆ ಕೈ ತಗೊಂಡೆಯಲ್ಲೋ!" ಎಂದು ಚಂಪಕೆ ಕೂಗಿದಳು.

"ತಗೊಂಡರೆ ನಿನ್ನ ಗಂಟೇನು ಹೋಯ್ತೇ?" ತಂಗಿಗೆ ಅವನು ಅಂಥ ಮಾತು ಎಂದೂ ಆಡಿದವನಲ್ಲ. ಬಾಕಿನ ಜೊತೆ ದಾಟಿ ಬಂದ ಜಗಳ ಅವನ ನಾಲಿಗೆಯ ಮೇಲೆ ಆಗಲೇ ಕೂತಿತ್ತು.

ಚಂಪಕೆಯ ಮುಖ ಕೆಂಪಾಯಿತು. "ಹಾಗೋ? ಹೇಳು, ನಿನಗೆ ನಾನು ಹೆಚ್ಚೋ, ಈ ಬಾಕು ಹೆಚ್ಚೋ?"

"ಬಾಕೇ ಹೆಚ್ಚು, ಹೋಗೇ!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ವ್ಯಾಪಾರಿ ಹೋ ಹೋ ಎಂದು ನಕ್ಕು ಮುಂಡಾಸು ಮೇಲೆ ತಳ್ಳಿದ. ಅವನ ಎರಡು ಕಣ್ಣೂ ಕಬ್ಬಿಣದ ಗುಂಡುಗಳು. ಅವನೇ ಮಾಂತ್ರಿಕ ಕಬ್ಬಿಣಗಣ್ಣ! ಅವನ ಕಣ್ಣಿಗೆ ಕಣ್ಣು ಕೊಟ್ಟವರೆಲ್ಲ ಅವರವರ ಗುಣಕ್ಕೆ ತಕ್ಕ ಕಬ್ಬಿಣವಾಗಿಬಿಡುತ್ತಿದ್ದರು.

"ನೀನೇ ಬೆಲೆ ಕಟ್ಟಿದೆ ರಾಜಕುಮಾರ! ಬಾಕು ನಿನಗೆ, ತಂಗಿ ನನಗೆ!" ಎಂದು ಅವನು ಚಂಪಕೆಯನ್ನು ದಿಟ್ಟಿಸಿದ. ಮಕರಂದನ ಕಣ್ಣು ಇನ್ನೂ ಕೈಯಲ್ಲಿದ್ದ ಬಾಕಿನ ಮೇಲೇ ಇತ್ತು. ಟಣ್ ಎಂದು ಏನೋ ನೆಲಕ್ಕೆ ಬಿತ್ತು. ಮಕರಂದ ಬಗ್ಗಿ ನೋಡುವಷ್ಟರಲ್ಲಿ ಅದು ಚೀಲದೊಳಗಿತ್ತು. "ತಂಗಿ ಬೇಕಾದರೆ ಹುಣ್ಣಿಮೆಯೊಳಗೆ ಉಕ್ಕಿನ ಕೋಟೆಗೆ ಬಾ. ಹುಣ್ಣಿಮೆ ಕಳೆದರೆ ಅವಳು ಎಂದೆಂದಿಗೂ ಕಬ್ಬಿಣ!" ಅಂಗಳದಲ್ಲಿ ಕಾದಿದ್ದ ಹದ್ದಿನ ಬೆನ್ನೇರಿ ಅವನು ಹಾರಿಹೋದ. ಮಕರಂದ ತನ್ನ ಕೈಯನ್ನು ನೋಡಿಕೊಂಡ. ನವಿಲಿನ ಬಾಕು ಎಲ್ಲಿ? ಅವನ ಕೈಯಲ್ಲಿದ್ದದ್ದು ಒಂದು ಒಣಗಿದ ನುಗ್ಗೆಕಾಯಿ.

ಮಕರಂದ ನೆಲಕ್ಕೆ ಕುಸಿದು ಮಗುವಿನ ಹಾಗೆ ಅತ್ತ. "ಅಯ್ಯೋ, ನನ್ನ ತಂಗಿಯನ್ನು ನಾನೇ ಮಾರಿದೆನಲ್ಲ!" ಅತ್ತು ಮುಗಿದ ಮೇಲೆ ಎದ್ದ. ಗೋಡೆಯಿಂದ ತನಗೆ ಅತಿ ಪ್ರೀತಿಯ ಮೂರು ಬಾಕು ತೆಗೆದುಕೊಂಡ. ಉಳಿದವುಗಳಿಗೆ ಬೇಜಾರಾದೀತೆಂದು "ಬರ್ತೀನಿ, ಬರ್ತೀನಿ" ಎಂದು ಹೇಳಿದ. ಹುಚ್ಚು ಅಷ್ಟು ಬೇಗ ಬಿಡುತ್ತದೆಯೇ?

ಹೊರಡುವಾಗ ಹೊನ್ನಾಜಿ ಬಾಗಿಲ ಹಿಂದಿನಿಂದ ಆ ಕೆಂಪು ಒರೆಯನ್ನು ಕೊಡವಿ ತಂದು ಅವನ ಸೊಂಟಕ್ಕೆ ಕಟ್ಟಿದಳು. "ಬಾಕು ಹುಡುಕಲು ಹೊರಟವನು ಒರೆ ಬಿಟ್ಟು ಹೋಗ್ತಾನೇನೋ ದಡ್ಡಾ?"

ಮಕರಂದ ನಡೆದ, ನಡೆದ, ನಡೆದ. ಕಣಿವೆ ಮುಗಿದು ಕಾಡು ಬಂತು. ಕಾಡಿನ ದಾರಿಗೆ ಅಡ್ಡವಾಗಿ ಗುಡ್ಡದಷ್ಟು ದೊಡ್ಡ ಮುಳ್ಳುಹಂದಿಯೊಂದು ಮುಖ ಮುಚ್ಚಿಕೊಂಡು ಕೂತಿತ್ತು.

"ದಾರಿ ಬಿಡಪ್ಪಾ ಮುಳ್ಳುಹಂದಿ."

"ಬಿಡಲ್ಲ. ನನಗೆ ಏಳೋಕೇ ನಾಚಿಕೆ" ಎಂದಿತು ಅದು. "ಆ ಕಬ್ಬಿಣಗಣ್ಣ ನನ್ನ ನೆತ್ತಿಯ ಮುಳ್ಳನ್ನೇ ಕಿತ್ತುಕೊಂಡು ಹೋದ. ಎಲ್ಲಕ್ಕಿಂತ ಚೆಂದದ್ದು! ಈಗ ನೋಡು, ನೆತ್ತಿ ಬೋಳು. ಯಾವ ಮುಖ ಇಟ್ಟುಕೊಂಡು ನೆಂಟರ ಮನೆಗೆ ಹೋಗಲಿ?"

ಮಕರಂದನ ಮೊದಲ ಬಾಕು ಕಪ್ಪು ಬಿಳಿ ಪಟ್ಟೆಯದು. ತೆಳ್ಳಗೆ, ಉದ್ದಕ್ಕೆ, ಥೇಟ್ ಮುಳ್ಳಿನ ಹಾಗೆಯೇ. ಅದನ್ನು ಕೊಡಬೇಕಲ್ಲ ಎಂದು ಎದೆ ಚುರ್ ಎಂದಿತು. ತಂಗಿಯನ್ನು ನೆನೆದ. ಬಾಕನ್ನು ಕೆಳಗಿಟ್ಟ. ಮುಳ್ಳುಹಂದಿ ಅದನ್ನು ಎತ್ತಿ ನೆತ್ತಿಗೆ ಸಿಕ್ಕಿಸಿಕೊಂಡು, ಪಕ್ಕದ ಕೆರೆಯಲ್ಲಿ ಮುಖ ನೋಡಿಕೊಂಡು, "ಅಯ್ಯಯ್ಯೋ, ಮದುಮಗನ ಹಾಗೆ ಕಾಣ್ತಿದ್ದೀನಲ್ಲ!" ಎಂದು ಕುಣಿಯಿತು. ಕುಣಿದ ರಭಸಕ್ಕೆ ದಾರಿಯ ಮುಳ್ಳುಪೊದೆಗಳೆಲ್ಲ ಬುಡಸಮೇತ ಹಾರಿಹೋದವು. ಮಕರಂದ ಸಲೀಸಾಗಿ ನಡೆದ.

ನಡೆದ, ನಡೆದ, ನಡೆದ. ಕಾಡು ಮುಗಿದು ಪ್ರಪಾತ ಬಂತು. ಆಚೆ ದಡದಲ್ಲಿ ಉಕ್ಕಿನ ಕೋಟೆ ಹೊಳೆಯುತ್ತಿತ್ತು, ನಡುವೆ ಸೇತುವೆಯಿಲ್ಲ. ಪ್ರಪಾತದ ಅಂಚಿನ ಹಳೆಯ ಮರದ ಮೇಲೆ ದೋಣಿಯಷ್ಟು ದೊಡ್ಡ ಮಂಗಟ್ಟೆ ಹಕ್ಕಿಯೊಂದು ರೋದಿಸುತ್ತಿತ್ತು.

"ಯಾಕಪ್ಪಾ ಅಳ್ತೀಯ?"

"ನಮ್ಮವಳು ಪೊಟರೆಯೊಳಗೆ ಮೊಟ್ಟೆಗೆ ಕೂತಾಗ ಬಾಗಿಲಿಗೆ ಮಣ್ಣು ಮೆತ್ತೋದು ನಮ್ಮ ಪದ್ಧತಿ. ಆ ಮಣ್ಣನ್ನು ಕಬ್ಬಿಣಗಣ್ಣ ಕಲ್ಲು ಮಾಡಿಬಿಟ್ಟ. ಒಳಗೆ ಹೆಂಡತಿ ಮಕ್ಕಳು, ಹೊರಗೆ ನಾನು. ಕುಕ್ಕಿ ಕುಕ್ಕಿ ನನ್ನ ಕೊಕ್ಕು ಸವೆಯಿತು."

ಮಕರಂದನ ಎರಡನೆಯ ಬಾಕಿಗೆ ಗಿಣಿಯ ಹಿಡಿ, ದಪ್ಪ ಅಲಗು. ಹುಡುಗನಾಗಿದ್ದಾಗ ಅವನು ಆ ಗಿಣಿಗೆ ಕದ್ದು ಅನ್ನ ತಿನ್ನಿಸುತ್ತಿದ್ದ. ಕಲ್ಲಿಗೆ ಹೊಡೆದರೆ ಅಲಗು ಮುರಿಯುತ್ತದೆ, ಅದು ಅವನಿಗೆ ಗೊತ್ತು. ಎದೆ ಚುರ್ ಚುರ್ ಎಂದಿತು. ತಂಗಿಯನ್ನು ನೆನೆದ. ಕಣ್ಣು ಮುಚ್ಚಿ ಬಾಕನ್ನು ಕಲ್ಲಿಗೆ ಹೊಡೆದ. ಹೊಡೆದ, ಹೊಡೆದ, ಅಲಗು ಚೂರಾಗಿ ಪ್ರಪಾತಕ್ಕೆ ಬಿತ್ತು, ಕಲ್ಲೂ ಬಿರಿಯಿತು. ಒಳಗಿನಿಂದ ಹೆಣ್ಣು ಮಂಗಟ್ಟೆ ತಲೆ ಹೊರಗೆ ಹಾಕಿ, "ಎಲ್ಲಿ ಹಾಳಾಗಿ ಹೋಗಿದ್ದಿರಿ? ಮಕ್ಕಳಿಗೆ ಹಸಿವು!" ಎಂದು ಗಂಡನನ್ನು ಗದರಿಸಿತು. ಗಂಡಿಗೆ ಆ ಬೈಗುಳ ಜೇನಿನ ಹಾಗೆ ಕೇಳಿಸಿತು. ಮಕ್ಕಳ ಬಾಯಿಗೆ ಎರಡು ಹಣ್ಣು ಹಾಕಿ, ಮಕರಂದನನ್ನು ಬೆನ್ನ ಮೇಲೆ ಕೂರಿಸಿಕೊಂಡು, ಪ್ರಪಾತ ದಾಟಿಸಿ ಕೋಟೆಯ ಬಾಗಿಲಿಗೇ ಇಳಿಸಿತು.

ಕೋಟೆಯೊಳಗೆ ಒಂದು ಚಾವಡಿ. ಚಾವಡಿಯ ತುಂಬ ಗೋಡೆ. ಗೋಡೆಯ ತುಂಬ ಬಾಕು! ನಡುವೆ ಕಬ್ಬಿಣಗಣ್ಣ ಚೀಲ ಹಿಡಿದು ನಿಂತು, "ಬಾ ರಾಜಕುಮಾರ, ನನ್ನ ಮುಖ ನೋಡು" ಎಂದ.

ಆದರೆ ಮಕರಂದ ಚಾವಡಿಗೆ ಕಾಲಿಟ್ಟಾಗಿನಿಂದ ಗೋಡೆಯನ್ನು ಬಿಟ್ಟು ಏನನ್ನೂ ನೋಡುತ್ತಿರಲಿಲ್ಲ. ಮುಖ ನೋಡಬೇಕಾದ ಕಡೆ ಬಾಕು ನೋಡುವ ಹಳೆಯ ಚಾಳಿ ಅವತ್ತು ಅವನ ಜೀವ ಉಳಿಸಿತು.

ಮಾಂತ್ರಿಕನಿಗೆ ಅವಮಾನವಾಯಿತು. "ಸರಿ, ನೋಡು ಹಾಗಾದರೆ! ಇವರೆಲ್ಲ ನನ್ನ ಕಣ್ಣಿಗೆ ಸಿಕ್ಕವರು. ನಿನ್ನ ತಂಗಿಯೂ ಇದ್ದಾಳೆ. ಗುರುತು ಹಿಡಿದು ತಗೋ. ಆದರೆ ಎಚ್ಚರ, ಬೇರೆ ಯಾವುದಕ್ಕಾದರೂ ಆಸೆಪಟ್ಟರೆ ನೀನೂ ಗೋಡೆಗೆ!"

ಮಕರಂದ ಹುಡುಕಲು ಹೊರಟ. ಅಬ್ಬಾ, ಎಂಥ ಬಾಕುಗಳು! ಒಂದರ ಅಲಗಿನಲ್ಲಿ ಮಳೆಬಿಲ್ಲು. ಒಂದರ ಹಿಡಿಯಲ್ಲಿ ಪುಟ್ಟ ಮೀನು ಈಜುತ್ತಿತ್ತು. ಒಂದು ಹತ್ತಿರ ಹೋದರೆ ಸಣ್ಣಗೆ ಹಾಡುತ್ತಿತ್ತು. "ಇದೊಂದು..." ಎಂದ. ಪಾದ ತಣ್ಣಗಾಯಿತು. "ಇನ್ನೊಂದು..." ಎಂದ. ಮೊಣಕಾಲಿನವರೆಗೆ ಕಬ್ಬಿಣ ಏರಿತು. "ಅಯ್ಯೋ, ಅದು ಇನ್ನೊಂದು!" ಎಂದ. ಸೊಂಟದವರೆಗೆ ಏರಿತು. ಅವನಿಗೆ ಅರಿವೇ ಇಲ್ಲ. ಕಬ್ಬಿಣಗಣ್ಣ ಗೋಡೆಯಲ್ಲಿ ಅವನಿಗೊಂದು ಮೊಳೆ ಹೊಡೆಯಲು ಶುರುಮಾಡಿದ್ದ.

ಹಾಡುವ ಬಾಕಿನ ಕಡೆ ಬಗ್ಗಿದಾಗ ಮಕರಂದನ ಕೈಗೆ ಸೊಂಟದಲ್ಲಿ ಏನೋ ಮೆತ್ತಗೆ ತಾಗಿತು. ಸುತ್ತಲೂ ಉಕ್ಕು, ಕೆಳಗೆ ಉಕ್ಕು, ತನ್ನ ಕಾಲೂ ಉಕ್ಕು. ಇದೊಂದು ಮಾತ್ರ ಬಟ್ಟೆ. ನೋಡಿದ. ಕೆಂಪು ಲಂಗದ ಅಂಚು. ಓರೆ ಒರೆ.

"ಚಂಪಕೇ!" ಎಂದು ಅವನು ಗಟ್ಟಿಯಾಗಿ ಕೂಗಿದ. "ಚಿನ್ನದ ಕತ್ತಿಯೆಂದು ಕತ್ತು ಕೊಯ್ದುಕೊಳ್ಳುವವನಾಗಿದ್ದೆನಲ್ಲ! ಇವು ಯಾವುವೂ ನನಗೆ ಬೇಡ. ನನ್ನ ತಂಗಿ ಬೇಕು!" ಹಾಗೆಂದ ಕೂಡಲೇ ಕಾಲಿನ ಕಬ್ಬಿಣ ಸಿಪ್ಪೆಯ ಹಾಗೆ ಉದುರಿತು.

ಈಗ ಅವನು ಚೆಂದ ನೋಡಲಿಲ್ಲ, ಒರೆ ನೋಡಿದ. ಮಳೆಬಿಲ್ಲಿನ ಬಾಕನ್ನು ಒರೆಗೆ ಹಿಡಿದು ನೋಡಿದ, ಹೋಗಲಿಲ್ಲ. ಮೀನಿನದು ಹೋಗಲಿಲ್ಲ. ಹಾಡುವುದೂ ಹೋಗಲಿಲ್ಲ. ಮೂಲೆಯಲ್ಲಿ, ಜೇಡರ ಬಲೆಯ ಕೆಳಗೆ, ಯಾರೂ ಎರಡನೆಯ ಸಲ ತಿರುಗಿ ನೋಡದಂಥ ಒಂದು ಪುಟ್ಟ ಬಾಕಿತ್ತು. ಅಲಗು ಚುರುಕು, ಆದರೆ ಮೊನೆ ಸ್ವಲ್ಪ ಓರೆ. ಥೇಟ್ ಆ ಮುಂದಿನ ಹಲ್ಲಿನ ಹಾಗೆ! ಮಕರಂದ ಒರೆಯನ್ನು ಹತ್ತಿರ ತಂದ. ಬಾಕು ಸರಕ್ಕೆಂದು ಒಳಗೆ ಹೋಗಿ ಕೂತಿತು.

"ಇಷ್ಟು ಹೊತ್ತು ಬೇಕಾಯ್ತೇನೋ ನಿನಗೆ? ಬೆನ್ನೆಲ್ಲ ನೋವು!" ಎಂದು ಚಂಪಕೆ ಸೆರಗು ಕೊಡವಿಕೊಂಡು ಎದುರಿಗೆ ನಿಂತಿದ್ದಳು. "ನೋಡಿದೆಯಾ? ಒರೆ ಸರಿಯಾಗೇ ಇತ್ತು!"

ಅಣ್ಣ ತಂಗಿಯನ್ನು ಅಪ್ಪಿಕೊಂಡು ಅತ್ತ, ನಕ್ಕ, ಮತ್ತೆ ಅತ್ತ. "ನೀನೇ ಹೆಚ್ಚು ಕಣೇ, ನೀನೇ ಹೆಚ್ಚು."

"ಗೊತ್ತು ಬಿಡೋ. ಈಗ ಅವನ ಮುಖ ನೋಡಬೇಡ, ನನ್ನ ಜಡೆ ನೋಡಿಕೊಂಡು ನಡಿ."

"ನಿಲ್ಲಿ!" ಎಂದು ಕಬ್ಬಿಣಗಣ್ಣ ಬಾಗಿಲಿಗೆ ಅಡ್ಡ ನಿಂತ. ಅವನ ದನಿಯಲ್ಲಿ ಅಳುವಿತ್ತು. "ನನ್ನ ಗೋಡೆಯಲ್ಲಿ ಒಂದು ಜಾಗ ಖಾಲಿಯಾಯಿತು! ಖಾಲಿ ಮೊಳೆ ನನ್ನ ಕಣ್ಣಲ್ಲಿ ಚುಚ್ಚುತ್ತೆ. ಒಂದು ತಗೊಂಡವನು ಒಂದು ಇಟ್ಟು ಹೋಗು!"

ಖಾಲಿ ಮೊಳೆಯ ಸಂಕಟ ಮಕರಂದನಿಗೆ ಗೊತ್ತಿಲ್ಲವೇ? ಅವನ ಬಳಿ ಉಳಿದಿದ್ದದ್ದು ಒಂದೇ, ಕನ್ನಡಿ ಬಾಕು. ಅದರ ಅಲಗು ಎಷ್ಟು ನುಣುಪೆಂದರೆ ಹಿಡಿದವರ ರೆಪ್ಪೆಯ ಕೂದಲೂ ಅದರಲ್ಲಿ ಕಾಣುತ್ತಿತ್ತು. ತನಗೆ ಮೀಸೆ ಚಿಗುರಿದ್ದನ್ನು ಮಕರಂದ ಮೊದಲು ನೋಡಿಕೊಂಡದ್ದು ಅದರಲ್ಲೇ. ನೆಲ ನೋಡುತ್ತಲೇ ಅದನ್ನು ಹೊರತೆಗೆದ. "ತಗೋ. ಕೈಗೆ ಕೊಡಲೇ?"

"ಆಹಾಹಾ! ನನ್ನ ಮದ್ದು ನನಗೇ ಅರೀತೀಯಾ? ಕೈಗೆ ಕೈ ತಗೊಳ್ಳೋಕೆ ನಾನೇನು ನಿನ್ನಂಥ ಪೆದ್ದನೇ? ಕೆಳಗಿಡು!"

ಮಕರಂದನ ಎದೆ ಚುರ್ ಚುರ್ ಚುರ್ ಎಂದಿತು. ಪಕ್ಕದಲ್ಲಿದ್ದ ತಂಗಿಯನ್ನು ನೋಡಿದ. ಬಾಕನ್ನು ಕೆಳಗಿಟ್ಟ.

ಬಲಗೈಯಲ್ಲಿ ಚೀಲವಿದ್ದದ್ದರಿಂದ ಕಬ್ಬಿಣಗಣ್ಣ ಎಡಗೈಯಲ್ಲಿ ಬಾಕು ಎತ್ತಿಕೊಂಡ. "ಅಬ್ಬಾ!" ಎಂದ. ತೂಗಿ ನೋಡಿದ. ಮಕರಂದ ಉಸಿರು ಬಿಗಿಹಿಡಿದ. ಬಾಕಿನ ಹುಚ್ಚು ಹಿಡಿದವನು ಮುಂದೆ ಏನು ಮಾಡುತ್ತಾನೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಬ್ಬಿಣಗಣ್ಣ ಚೀಲ ಕೆಳಗೆ ಹಾಕಿ, ಬಾಕನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಪಾಪ, ಅವನಿಗೊಬ್ಬಳು ಹೊನ್ನಾಜಿ ಇರಲಿಲ್ಲ.

"ಏಯ್, ನನ್ನದು ಅದು!" ಎಂದಿತು ಎಡಗೈ.

"ನನ್ನ ಕೈಗೆ ಬಂದ ಮೇಲೆ ನನ್ನದು" ಎಂದಿತು ಬಲಗೈ.

"ಹಬ್ಬದ ಊಟಕ್ಕೆ ನೀನು, ಉಂಗುರಕ್ಕೆ ನೀನು, ತೊಳೆಯೋ ಕೆಲಸಕ್ಕೆ ಮಾತ್ರ ನಾನು! ಇಷ್ಟು ದಿನ ಸಹಿಸಿಕೊಂಡೆ. ಬಾಕು ಬಿಡಲ್ಲ!"

ಎರಡೂ ಕೈ ಜಗ್ಗಾಡಿದವು. "ಬಿಡೇ!" "ನೀ ಬಿಡೇ!" "ಅಯ್ಯೋ, ಸುಮ್ಮನಿರ್ರೇ!" ಎಂದು ಮಾಂತ್ರಿಕ ಕಿರುಚಿಕೊಂಡ. ಅವನ ಮಾತು ಅವನ ಕೈಗಳೇ ಕೇಳಲಿಲ್ಲ. ಒಂದು ಎಳೆತಕ್ಕೆ ಬಾಕು ಮೇಲೆದ್ದು ಅವನ ಮೂಗಿನ ನೇರಕ್ಕೆ ಬಂತು. ಕನ್ನಡಿಯಂಥ ಅಲಗಿನೊಳಗಿನಿಂದ ಎರಡು ಕಬ್ಬಿಣದ ಕಣ್ಣು ಅವನನ್ನು ದಿಟ್ಟಿಸಿದವು.

ಟಣ್!

ಅವರವರ ಗುಣಕ್ಕೆ ತಕ್ಕ ಕಬ್ಬಿಣ, ನೆನಪಿದೆಯಲ್ಲ? ಖಡ್ಗವಾದನೇ? ಇಲ್ಲ. ಬಾಕಾದನೇ? ಅದೂ ಇಲ್ಲ. ಚಾವಡಿಯ ನಡುವೆ ಒಂದು ಈಳಿಗೆಮಣೆ ಬಿದ್ದಿತ್ತು. ಅದೂ ಮೊಂಡು.

ಗೋಡೆಯ ಮೇಲಿನ ಬಾಕುಗಳೆಲ್ಲ ಜಣ ಜಣ ಎಂದು ಉದುರಿದವು. ಉದುರಿದ ಕಡೆಯಲ್ಲೆಲ್ಲ ಜನ ಎದ್ದು ನಿಂತರು. ರೈತರು, ಸೈನಿಕರು, ಹಾಡುಗಾರ್ತಿಯರು, ಮೀನು ಹಿಡಿಯುವವರು. ಬೆನ್ನು ನೀವಿಕೊಂಡು, ಒಬ್ಬರನ್ನೊಬ್ಬರು ಅಪ್ಪಿಕೊಂಡು, "ನಮ್ಮೂರು ಯಾವ ಕಡೆ, ನಮ್ಮೂರು ಯಾವ ಕಡೆ" ಎಂದು ಸಂತೋಷದ ಗಲಾಟೆ ಎಬ್ಬಿಸಿದರು. ಮಂಗಟ್ಟೆಯ ಬಳಗವೆಲ್ಲ ಬಂದು ಎಲ್ಲರನ್ನೂ ಪ್ರಪಾತ ದಾಟಿಸಿತು. ಮುಳ್ಳುಹಂದಿ ನೆತ್ತಿಯ ಬಾಕು ಮೆರೆಸುತ್ತ ದಾರಿಗೆ ಮುಂದಾಯಿತು. ಏಳುಕಣಿವೆಯಲ್ಲಿ ಮಹಾರಾಜ ಮಕ್ಕಳನ್ನು ಕಂಡು ಕಿರೀಟ ಬಿದ್ದದ್ದೂ ತಿಳಿಯದೆ ಓಡಿ ಬಂದ. ಈಳಿಗೆಮಣೆ ಅರಮನೆಯ ಅಡುಗೆಮನೆ ಸೇರಿತು. ಹೊನ್ನಾಜಿ ಅದಕ್ಕೆ ಸಾಣೆ ಹಿಡಿಸಿದಳು. ಬದನೆಕಾಯಿ ಚೆನ್ನಾಗಿ ಹೆಚ್ಚುತ್ತಿತ್ತಂತೆ, ಆದರೆ ಗೊಣಗಾಟ ಜಾಸ್ತಿ.

ಬಿಡುಗಡೆಯಾದವರು ಸುಮ್ಮನಿರುತ್ತಾರೆಯೇ? ಊರೂರಿನಿಂದ ಬಂದರು, ಒಬ್ಬೊಬ್ಬರೂ ಒಂದೊಂದು ಬಾಕು ತಂದರು, ಮಕರಂದನ ಮುಂದೆ ನೆಲದ ಮೇಲಿಟ್ಟು ಕೈ ಮುಗಿದರು. ಅವನು ಕಳ್ಳನ ಹಾಗೆ ತಂಗಿಯ ಮುಖ ನೋಡಿದ. "ಇನ್ನೊಂದು... ತಗೊಳ್ಳಲೇನೇ?"

"ತಗೋ ತಗೋ" ಎಂದು ಅವಳು ಓರೆಹಲ್ಲು ಬಿಟ್ಟು ನಕ್ಕಳು. ಗೋಡೆ ಮತ್ತೆ ತುಂಬಿತು. ಆದರೆ ಗೋಡೆಯ ನಟ್ಟನಡುವೆ, ಬಿಸಿಲು ಮೊದಲು ಬೀಳುವ ಜಾಗದಲ್ಲಿ, ಆ ಕೆಂಪು ಒರೆಯೇ ತೂಗುತ್ತಿತ್ತು.

ಕಾಲ ಕೂಡಿ ಬಂದು ಚಂಪಕೆಯ ಮದುವೆಯಾಯಿತು. ಗೋಡೆಯಿಂದ ಇಳಿದು ಬಂದವರಲ್ಲೇ ಒಬ್ಬ, ನಗುಮುಖದ ಹುಡುಗ, ಅವಳಿಗೆ ಒಪ್ಪಿದ. ಮಂಟಪದಲ್ಲಿ ಮಹಾರಾಜ ಮಗಳ ಕೈಯನ್ನು ಎತ್ತಿ ಅಳಿಯನ ಕೈಯಲ್ಲಿಡಲು ಹೋದ. ಮಕರಂದ ದಡಕ್ಕನೆ ಎದ್ದ.

"ಅಪ್ಪಾ, ನಿಲ್ಲಿ! ಕೈಯಿಂದ ಕೈಗೆ ಕೊಡಬೇಡಿ! ಕೆಳಗಿಡಿ!"

ಮಂಟಪವೆಲ್ಲ ಗೊಳ್ಳೆಂದು ನಕ್ಕಿತು. ಚಂಪಕೆ ಬಾಸಿಂಗ ಸರಿಮಾಡಿಕೊಂಡು, "ಕೊಡಲಿ ಬಿಡೋ ಅಣ್ಣಾ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದಳು.

ಹೊರಡುವ ಹೊತ್ತಿಗೆ ಮಕರಂದ ಗೋಡೆಯಿಂದ ಕೆಂಪು ಒರೆ ತೆಗೆದು ತಂದು ಅವಳ ಮುಂದೆ ಕೆಳಗಿಟ್ಟ. "ನಿನ್ನದು. ಒಯ್ಯಿ."

ಚಂಪಕೆ ಅದನ್ನೆತ್ತಿಕೊಂಡು ಒಳಗೆ ನಡೆದಳು. ಅದೇ ಮೊಳೆಗೆ ಅದನ್ನು ತಿರುಗಿ ತೂಗುಹಾಕಿದಳು. "ಇಲ್ಲೇ ಇರಲಿ ಅಣ್ಣಾ. ಹಬ್ಬಕ್ಕೆ ತವರಿಗೆ ಬಂದಾಗ ನನಗೆ ಜಾಗ ಬೇಡವೇ?"

ಹಬ್ಬಹಬ್ಬಕ್ಕೂ ಬಂದಳು. ಬಂದಾಗಲೆಲ್ಲ ಅಣ್ಣನ ಹೊಸ ಬಾಕು ನೋಡಿ ಮೂಗು ಮುರಿದಳು. ಅವರೂ ನಕ್ಕರು, ಊರೂ ನಕ್ಕಿತು, ಬೆಟ್ಟದಲ್ಲಿ ಮೋಡ ಹೊಟ್ಟೆ ತುಂಬ ಮೇದು ಮನೆಗೆ ಹೋಯಿತು.